ಪೇಪರ್‌ನ್ಯಾಗ ಯಾವ ಸಂಸ್ಥೆ ಹೆಸರು ಹಾಕ್ಬೇಕು: ಕಾಲೇಜಿಂದೋ, ಯೂನಿವರ್ಸಿಟಿದೋ, ಎರಡೂನೋ?

ಪ್ರಶ್ನೆ: ಸರ್, ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಅಸಿಸ್ಟೆಂಟ್ ಪ್ರೊಫೆಸರ್. ಇದಕ್ಕೂ ಮುಂಚೆ ರಾಯಚೂರಿನ ಒಂದು ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ. ಪಾರ್ಟ್ ಟೈಮ್ ಪಿಎಚ್‌ಡಿ ಬಳ್ಳಾರಿ ವಿಎಸ್‌ಕೆ ಯೂನಿವರ್ಸಿಟಿಯಲ್ಲಿ, ಲ್ಯಾಬ್ ಕೆಲಸ ಪೂರಾ ಅಲ್ಲೇ. ಇಲ್ಲಿವರೆಗೆ ಒಂಬತ್ತು ಪೇಪರ್ ಬಂದಿವೆ. ಮೊನ್ನೆ ಸಂಶೋಧನಾ ಪೇಪರ್‌ಗಳ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ನೋಡಿದ್ರೆ ನನ್ನ ಹೆಸರಲ್ಲಿ ಎರಡು ಪ್ರೊಫೈಲ್ ಇವೆ, ಅದರಲ್ಲಿ ಎರಡು ಪೇಪರ್ ಅನಂತಪುರದ ಯೂನಿವರ್ಸಿಟಿ ಲೆಕ್ಕಕ್ಕೆ ಹೋಗಿವೆ, ನಾನು ಅಲ್ಲಿಗೆ ಕಾಲೂ ಇಟ್ಟಿಲ್ಲ! ಒಬ್ಬ ಸೀನಿಯರ್ ಹೇಳ್ತಾರೆ ಯೂನಿವರ್ಸಿಟಿ ಹೆಸರು ಮಾತ್ರ ಹಾಕು, ಇಲ್ಲಾಂದ್ರೆ ಪಿಎಚ್‌ಡಿಗೆ ನಡೆಯಲ್ಲ ಅಂತ. ಇನ್ನೊಬ್ಬರು ಎರಡೂ ಹಾಕಿದ್ರೆ ಡಬಲ್ ಪಾಯಿಂಟ್ ಅಂತಾರೆ, ಮತ್ತೊಬ್ಬರು ಎರಡು ಹಾಕೋದೇ ಫ್ರಾಡ್ ಅಂತಾರೆ. ನಮ್ಮ ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡೋ ಸಮಿತಿ) ಕೋಆರ್ಡಿನೇಟರ್, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ಬರ್ತಿದೆ, ಹಳೆ ಪೇಪರ್‌ಗಳಿಗೂ ನಮ್ಮ ಕಾಲೇಜ್ ಹೆಸರು ಬರೋ ಹಾಗೆ ಪಬ್ಲಿಷರ್‌ಗೆ ಬರೆದು ಚೇಂಜ್ ಮಾಡಿಸಿ ಅಂತ ಕೂತಿದ್ದಾರೆ. ಇದರ ಜೊತೆಗೆ ಬೇರೆ ರಾಜ್ಯದ ಒಂದು ಪ್ರೈವೇಟ್ ಸಂಸ್ಥೆಯವರು ನಮ್ಮ ಹೆಸರೂ ಸೇರಿಸಿದ್ರೆ ಪಬ್ಲಿಕೇಶನ್ ಚಾರ್ಜ್ ನಾವೇ ಕಟ್ತೀವಿ ಅಂತ ಮೆಸೇಜ್ ಮಾಡಿದ್ದಾರೆ. ಈಗ ಒಂದು ಪೇಪರ್ ರಿವ್ಯೂನಲ್ಲಿದೆ, ಈ ಸಲ ಟ್ರಾನ್ಸ್‌ಫರ್ ಕೌನ್ಸೆಲಿಂಗ್‌ನಲ್ಲಿ ನನ್ನ ಹೆಸರೂ ಇದೆ. ಏನು ಮಾಡಲಿ?

ಉತ್ತರ: ಮೇಡಂ, ನೀವು ಒಂದು ಪ್ರಶ್ನೆ ಅಂತ ಕಳಿಸೀರಿ, ಒಳಗ ನಾಕೈದು ಅದಾವು, ಆದ್ರ ಎಲ್ಲಾದರ ಬುಡ ಒಂದೇ. ಪೇಪರ್‌ನ್ಯಾಗ ನಿಮ್ಮ ಹೆಸರಿನ ಕೆಳಗ ಬರೋ ಆ ಒಂದು ಸಾಲು ಯಾರದು? ನಿಮ್ಮದಾ, ಈಗ ಪಗಾರ ಕೊಡೋ ಕಾಲೇಜಿಂದಾ, ಗೈಡ್‌ದಾ? ನಾನು ಬಳ್ಳಾರಿ ಕಡೆ ಲೈಬ್ರರಿಯೊಳಗ ಕುಂತು ಇದೇ ಕೆಲಸ ಮಾಡ್ತೀನಿ, ಸಂಶೋಧಕರ ಪ್ರೊಫೈಲ್ ಸರಿ ಮಾಡೋದು, ರ‍್ಯಾಂಕಿಂಗ್‌ಗೆ ಡೇಟಾ ಕೂಡಿಸೋದು, ಮತ್ತ ವರ್ಷಾ ವರ್ಷಾ ನಿಮ್ಮಂಥ ಪ್ರಶ್ನೆ ಬರ್ತಾನೇ ಇರ್ತಾವು. ನನ್ನ ಪ್ರಕಾರ ಆ ಸಾಲು ಆ ಕೆಲಸಕ್ಕೆ ಸೇರಿದ್ದು. ಈ ಕೆಲಸ ನಡೆದಾಗ ಈ ಮನುಷ್ಯ ಎಲ್ಲಿದ್ದ, ಎಲ್ಲಿ ಮಾಡಿದ ಅನ್ನೋ ದಾಖಲೆ ಅದು. ಇದನ್ನ ತಲ್ಯಾಗ ಇಟ್ಕೊಂಡ್ರ ನಿಮ್ಮ ಮುಕ್ಕಾಲು ಪಾಲು ಗೊಂದಲ ತಾನೇ ಹೋಗ್ತೈತಿ, ಉಳಿದ ಕಾಲು ಪಾಲು ಬರೀ ಕಾಗುಣಿತದ್ದು, ಆದ್ರ ಆ ಕಾಗುಣಿತನೇ ಭಾಳ ಜನರ ಜೀವ ತಿಂತೈತಿ.

ಮೊದಲು ಆ ಅನಂತಪುರದ ಕಥಿ ಹೇಳ್ತೀನಿ, ಯಾಕಂದ್ರ ಅದು ನಮ್ಮ ಭಾಗದಾಗ ಪದೇ ಪದೇ ಆಗೋದು. ನಮ್ಮ ವಿಎಸ್‌ಕೆ ಅಂದ್ರ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ, 2010ರಾಗ ಶುರು ಆತು. ಅನಂತಪುರದ್ದು ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ, 1981ರಿಂದ ಐತಿ, ಸಹಜವಾಗಿ ಅದರ ಹೆಸರಲ್ಲಿ ಪೇಪರ್ ರಾಶಿ ಅದಾವು. ಅರಸ ಒಬ್ಬನೇ, ಗಡಿ ಆ ಕಡೆ ಒಂದು ಯೂನಿವರ್ಸಿಟಿ, ಈ ಕಡೆ ಒಂದು. ಈಗ ನೀವು ಜರ್ನಲ್ ವೆಬ್‌ಸೈಟ್‌ನ್ಯಾಗ ಪೇಪರ್ ಸಬ್ಮಿಟ್ ಮಾಡೋವಾಗ ಸಂಸ್ಥೆ ಹೆಸರಿನ ಡಬ್ಬಿಯೊಳಗ 'ಶ್ರೀ ಕೃಷ್ಣ' ಅಂತ ಟೈಪ್ ಮಾಡಿದ ಕೂಡ್ಲೇ ಕೆಳಗ ಪಟ್ಟಿ ಬಿಡ್ತೈತಲ್ಲ, ಅದರಾಗ ಮೊದಲು ಬರೋದು ಅನಂತಪುರದ್ದು ಇರ್ಬೋದು, ನೀವೋ ನಿಮ್ಮ ಕೋ ಆಥರೋ ಅವಸರದಾಗ ಒತ್ತಿಬಿಟ್ಟಿರ್ತೀರಿ. ಇಲ್ಲಾ, ಪೇಪರ್ ಒಳಗ 'ಎಸ್‌ಕೆ ಯೂನಿವರ್ಸಿಟಿ, ಬಳ್ಳಾರಿ' ಅಂತ ಯಾರೋ ಮೊಟಕು ಮಾಡಿ ಬರ್ದಿರ್ತಾರ, ಡೇಟಾಬೇಸ್ ಕಡಿಂದ ಅದನ್ನ ಓದೋದು ಕಂಪ್ಯೂಟರ್, ಅದಕ್ಕೆ ಬಳ್ಳಾರಿ ಎಲ್ಲಿ, ಅನಂತಪುರ ಎಲ್ಲಿ ಅನ್ನೋದು ಏನ್ ಗೊತ್ತು, ಹತ್ತಿರದ ಹೆಸರು ಯಾವುದು ಸಿಕ್ತೋ ಅದಕ್ಕೆ ಅಂಟಿಸ್ತೈತಿ.

ಸ್ಕೋಪಸ್ ಆಗ್ಲಿ ವೆಬ್ ಆಫ್ ಸೈನ್ಸ್ ಆಗ್ಲಿ ಹೆಂಗ ಕೆಲಸ ಮಾಡ್ತಾವು ಅಂದ್ರ, ಪ್ರತಿ ಸಂಸ್ಥೆಗೂ ಅವರ ಹತ್ರ ಒಂದು ಪ್ರೊಫೈಲ್ ಇರ್ತೈತಿ, ಸ್ಕೋಪಸ್ ಅದಕ್ಕೊಂದು ನಂಬರೂ ಕೊಟ್ಟಿರ್ತೈತಿ. ಪಬ್ಲಿಷರ್ ಕಳಿಸಿದ ವಿಳಾಸದ ಸಾಲನ್ನ ತುಂಡು ಮಾಡಿ, ಡಿಪಾರ್ಟ್‌ಮೆಂಟ್ ಯಾವುದು, ಸಂಸ್ಥೆ ಯಾವುದು, ಊರು ಯಾವುದು ಅಂತ ಬೇರೆ ಮಾಡಿ, ಇದ್ದ ಪ್ರೊಫೈಲ್‌ಗೆ ಹೊಂದಿಸಿ ನೋಡ್ತೈತಿ. ಹೊಂದಿದ್ರ ಸರಿ, ಹೊಂದಲಿಲ್ಲ ಅಂದ್ರ ಅದು ಬೇರೆ ಒಂದು ಸಂಸ್ಥೆ ಇದ್ದಂಗ ಒಂಟಿಯಾಗಿ ಉಳಿತೈತಿ, ಇಲ್ಲಾ ತಪ್ಪು ಮನಿಗೆ ಹೋಗ್ತೈತಿ. ಹಳ್ಳಿಯೊಳಗ ಅಜ್ಜಿ ಹೆಸರು ರೇಷನ್ ಕಾರ್ಡ್‌ನ್ಯಾಗ ಹುಲಿಗೆಮ್ಮ, ಆಧಾರ್‌ನ್ಯಾಗ ಹುಲಿಗೆವ್ವ, ಪಹಣಿಯೊಳಗ ಹುಲ್ಗಮ್ಮ ಅಂತ ಇದ್ದು ಬೆಳೆ ಪರಿಹಾರದ ರೊಕ್ಕ ಯಾರ ಖಾತೆಗೂ ಬರದೇ ನಿಂತಿರ್ತೈತಲ್ಲ, ಥೇಟ್ ಅದೇ.

ನಮ್ಮ ಮೂರು ಜಿಲ್ಲೆ ಹೆಸರುಗಳು ಇದಕ್ಕೆ ಭಾರೀ ಅನುಕೂಲ ಮಾಡಿಕೊಟ್ಟಾವು ಬಿಡ್ರಿ. ಕೊಪ್ಪಳದ ಮೆಡಿಕಲ್ ಕಾಲೇಜು ಕಿಮ್ಸ್, ಹುಬ್ಬಳ್ಳಿದೂ ಮೊದಲು ಕಿಮ್ಸ್ ಅಂತನೇ ಇತ್ತು, ಬೆಂಗಳೂರಿನ ಕೆಂಪೇಗೌಡ ಕಾಲೇಜೂ ಕಿಮ್ಸ್, ಭುವನೇಶ್ವರದ ಕಳಿಂಗನೂ ಕಿಮ್ಸ್. ರಾಯಚೂರಿಂದು ರಿಮ್ಸ್, ರಾಂಚಿದೂ ರಿಮ್ಸ್, ಇಂಫಾಲಿಂದೂ ರಿಮ್ಸ್. ಬಳ್ಳಾರಿಯ ವಿಮ್ಸ್ ಬೆಂಗಳೂರಿನ ವೈದೇಹಿ ಕಾಲೇಜಿನ ಜೊತೆ ಕಲಸ್ತಿತ್ತು, ಈಗ ಅದರ ಹೆಸರೇ ಬಳ್ಳಾರಿ ಮೆಡಿಕಲ್ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಅಂತ ಬದಲಾಗೈತಿ. 'ಯುಎಎಸ್' ಅಂತ ಬರೀ ಅಷ್ಟೇ ಬರೆದ್ರ ಬೆಂಗಳೂರು, ಧಾರವಾಡ, ರಾಯಚೂರು ಮೂರೂ ಕೃಷಿ ವಿವಿ ಹೆಸರು ಒಂದೇ ಥರ, ಊರಿನ ಹೆಸರೊಂದೇ ಅವನ್ನ ಬೇರೆ ಮಾಡೋದು. ಮತ್ತ ನಿಮ್ಮ ಕಾಲೇಜು ನೋಡ್ರಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಅನ್ನೋ ಹೆಸರಲ್ಲಿ ರಾಜ್ಯದಾಗ ನಾನೂರಕ್ಕೂ ಹೆಚ್ಚು ಅದಾವು! ಊರು ಬರೀಲಿಲ್ಲ ಅಂದ್ರ ಗಂಗಾವತಿ ಪೇಪರ್ ಯಾವ ಕಾಲೇಜಿನ ಲೆಕ್ಕಕ್ಕೆ ಹೋಗ್ತೈತೋ ದೇವರೇ ಬಲ್ಲ. ಜಿಎಫ್‌ಜಿಸಿ ಅಂತ ಬರಿಯೋರಂತೂ ಅದಾರ, ಕರ್ನಾಟಕದ ಹೊರಗ ಅದು ಯಾರಿಗೂ ತಿಳಿಯಂಗಿಲ್ಲ.

ಇದರ ಮ್ಯಾಲೆ ಊರ ಹೆಸರು ಬದಲಾದದ್ದು. 2014ರ ನವೆಂಬರ್ 1ಕ್ಕೆ ಇಂಗ್ಲಿಷ್‌ನ್ಯಾಗ ಬೆಳ್ಳಾರಿ ಹೋಗಿ ಬಳ್ಳಾರಿ ಆತು, ಹಾಸ್ಪೆಟ್ ಹೋಗಿ ಹೊಸಪೇಟೆ ಆತು, ಗುಲ್ಬರ್ಗ ಹೋಗಿ ಕಲಬುರಗಿ ಆತು. ಕೆಲವರು ಇದರ ಜೊತೆ ಸಂಸ್ಥೆ ಹೆಸರನ್ನೂ ತಾವೇ ಬದಲಾಯಿಸಿಬಿಟ್ರು, 'ಕಲಬುರಗಿ ಯೂನಿವರ್ಸಿಟಿ' ಅಂತ ಬರೆದ ಪೇಪರ್ ನಾನೇ ನೋಡೀನಿ. ಊರ ಹೆಸರು ಬದಲಾದ್ರ ಸಂಸ್ಥೆ ಹೆಸರು ತಾನೇ ಬದಲಾಗಂಗಿಲ್ಲ, ಅದು ಇವತ್ತಿಗೂ ಗುಲ್ಬರ್ಗ ವಿಶ್ವವಿದ್ಯಾಲಯ, ಕಲಬುರಗಿ. ಸಂಸ್ಥೆ ಹೆಸರು ಕಾಯ್ದೆಯೊಳಗ ಅಥವಾ ಸರ್ಕಾರಿ ಆದೇಶದೊಳಗ ಹೆಂಗೈತೋ ಹಂಗ, ಊರು ಈಗ ಹೆಂಗ ಕರೀತಾರೋ ಹಂಗ. ರಾಯಚೂರು ವಿಶ್ವವಿದ್ಯಾಲಯಕ್ಕೆ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ಹೆಸರು ಇಟ್ಟದ್ದು ಮಾತ್ರ ನಿಜವಾದ ಸಂಸ್ಥೆ ಹೆಸರಿನ ಬದಲಾವಣೆ, ಅಲ್ಲಿಯವರು ಇನ್ಮ್ಯಾಲೆ ಹೊಸ ಹೆಸರೇ ಬರೀಬೇಕು, ಹಳೆ ಪೇಪರ್ ಹಂಗೇ ಬಿಡ್ಬೇಕು. ಹೊಸಪೇಟೆ ಕಡೆಯವರಿಗೆ ಇನ್ನೊಂದು ತಾಪತ್ರಯ, 2021ರಾಗ ವಿಜಯನಗರ ಜಿಲ್ಲೆ ಬೇರೆ ಆದ ಮ್ಯಾಲೆ ಜಿಲ್ಲೆ ಹೆಸರೂ ಬದಲಾತು, 'ವಿಜಯನಗರ' ಅನ್ನೋದು ಈಗ ಜಿಲ್ಲೆಯೂ ಹೌದು, ಯೂನಿವರ್ಸಿಟಿ ಹೆಸರಿನ ತುಂಡೂ ಹೌದು.

ಈಗ ನಿಮ್ಮ ಸೀನಿಯರ್‌ಗಳು ಹೇಳಿದ್ದಕ್ಕೆ ಬರ್ತೀನಿ. ಯೂನಿವರ್ಸಿಟಿ ಹೆಸರು ಮಾತ್ರ ಇರ್ಬೇಕು, ಇಲ್ಲಾಂದ್ರ ಪಿಎಚ್‌ಡಿಗೆ ನಡೆಯಂಗಿಲ್ಲ ಅನ್ನೋದು ಅರ್ಧ ಸತ್ಯ. ಯುಜಿಸಿ 2022ರ ಪಿಎಚ್‌ಡಿ ನಿಯಮದಾಗ ಥೀಸಿಸ್ ಕೊಡೋಕ್ಕಿಂತ ಮುಂಚೆ ಪೇಪರ್ ಪಬ್ಲಿಷ್ ಮಾಡ್ಲೇಬೇಕು ಅನ್ನೋ ಕಡ್ಡಾಯನೇ ತೆಗೆದೈತಿ. ಆದ್ರ ಯೂನಿವರ್ಸಿಟಿಗಳು ತಮ್ಮದೇ ನಿಯಮ ಇಟ್ಕೋಬಹುದು, ನೀವು ರಿಜಿಸ್ಟರ್ ಆದ ವರ್ಷದ ನಿಯಮ ನಿಮಗ ಲಾಗೂ ಆಗೋದೂ ಇರ್ತೈತಿ, ಅದಕ್ಕ ಸೀನಿಯರ್ ಮಾತು ಬಿಟ್ಟು ನಿಮ್ಮ ರಿಜಿಸ್ಟ್ರೇಷನ್ ಲೆಟರ್ ಜೊತೆ ಕೊಟ್ಟ ರೆಗ್ಯುಲೇಷನ್ ತೆಗೆದು ಓದ್ರಿ, ತಿಳಿಯದಿದ್ರ ಪಿಎಚ್‌ಡಿ ಸೆಕ್ಷನ್‌ಗೆ ಒಂದು ಮೇಲ್ ಹಾಕ್ರಿ, ಬಾಯಿಮಾತು ಬ್ಯಾಡ. ಲ್ಯಾಬ್ ಕೆಲಸ ಅಲ್ಲೇ ಆಗಿದ್ದಕ್ಕೆ ಯೂನಿವರ್ಸಿಟಿ ಹೆಸರು ಇರಲೇಬೇಕು, ಅದು ನ್ಯಾಯ. ಆದ್ರ 'ಮಾತ್ರ' ಅನ್ನೋದು ಎಲ್ಲಿಂದ ಬಂತು? ನೀವು ಅದೇ ಹೊತ್ತಿಗೆ ಕಾಲೇಜಿನ ನೌಕರಿಯೊಳಗ ಇದ್ದೀರಿ, ಕಾಲೇಜು ನಿಮಗ ಸಮಯ ಕೊಟ್ಟೈತಿ, ಅನುಮತಿ ಪತ್ರ ಕೊಟ್ಟೈತಿ, ಅದನ್ನ ಮುಚ್ಚಿಡೋದು ಸರಿಯಲ್ಲ.

ಡಬಲ್ ಪಾಯಿಂಟ್ ಅನ್ನೋದು ಪೂರ್ತಿ ಸುಳ್ಳು. ಅಧ್ಯಾಪಕರ ನೇಮಕ, ಬಡ್ತಿಗೆ ನೋಡೋ ಯುಜಿಸಿ 2018ರ ನಿಯಮದ ರಿಸರ್ಚ್ ಸ್ಕೋರ್ ಟೇಬಲ್‌ನ್ಯಾಗ ಸೈನ್ಸ್‌ನವರಿಗೆ ಒಂದು ಪೇಪರ್‌ಗೆ 8, ಭಾಷೆ, ಮಾನವಿಕ ವಿಷಯದವರಿಗೆ 10. ಇಬ್ಬರು ಬರೆದಿದ್ರ ಒಬ್ಬೊಬ್ಬರಿಗೆ ಅದರ ಶೇಕಡಾ 70, ಇಬ್ಬರಿಗಿಂತ ಹೆಚ್ಚಿದ್ರ ಮೊದಲ ಅಥವಾ ಕರೆಸ್ಪಾಂಡಿಂಗ್ ಆಥರ್‌ಗೆ (ಜರ್ನಲ್ ಜೊತೆ ಪತ್ರ ವ್ಯವಹಾರ ಮಾಡೋ ಲೇಖಕರಿಗೆ) 70, ಉಳಿದ ಒಬ್ಬೊಬ್ಬರಿಗೂ 30. ಆ ಲೆಕ್ಕ ಹಾಕೋದು ಎಷ್ಟು ಜನ ಬರೆದಾರ, ನೀವು ಎಷ್ಟನೆಯವರು ಅನ್ನೋದರ ಮ್ಯಾಲೆ, ನಿಮ್ಮ ಹೆಸರಿನ ಕೆಳಗ ಎಷ್ಟು ಸಂಸ್ಥೆ ಅದಾವು ಅನ್ನೋದಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ಲಾಭ ಆಗೋದು ಸಂಸ್ಥೆಗಳಿಗೆ, ಸ್ಕೋಪಸ್‌ನ್ಯಾಗ ಎರಡು ಸಂಸ್ಥೆ ಇದ್ರ ಎರಡರ ಪಟ್ಟಿಯೊಳಗೂ ಆ ಪೇಪರ್ ಕಾಣ್ತೈತಿ, ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ಕಾಲೇಜು, ಯೂನಿವರ್ಸಿಟಿ ರ‍್ಯಾಂಕಿಂಗ್) ಪಬ್ಲಿಕೇಶನ್ ಲೆಕ್ಕ ತಗೊಳ್ಳೋದು ಇಂಥ ಡೇಟಾಬೇಸ್‌ಗಳಿಂದನೇ. ಅದಕ್ಕೇ ಎಲ್ಲರಿಗೂ ತಮ್ಮ ಸಂಸ್ಥೆ ಹೆಸರಿನ ಮ್ಯಾಲೆ ಇಷ್ಟು ಆಸೆ.

ಎರಡು ಹಾಕೋದೇ ಫ್ರಾಡ್ ಅನ್ನೋದೂ ತಪ್ಪು. ಎರಡೂ ಕಡೆ ನಿಜವಾಗಿ ಸಂಬಂಧ ಇದ್ರ, ಎರಡೂ ಕಡೆ ಕೇಳಿದಾಗ ಕಾಗದ ತೋರಿಸೋಕೆ ಆದ್ರ, ಎರಡು ಹಾಕೋದು ಪೂರ್ತಿ ಸರಿ, ಜರ್ನಲ್‌ಗಳು ಒಪ್ತಾವು. ನಿಮ್ಮ ಪಿಎಚ್‌ಡಿಯಿಂದ ಬಂದ ಪೇಪರ್‌ಗೆ ನಾನಾಗಿದ್ರ ಮೊದಲು ಯೂನಿವರ್ಸಿಟಿಯ ಕೆಮಿಸ್ಟ್ರಿ ವಿಭಾಗ, ಎರಡನೇದು ಕಾಲೇಜು ಹಾಕ್ತಿದ್ದೆ, ಯಾಕಂದ್ರ ಕೆಲಸದ ಹೆಚ್ಚಿನ ಪಾಲು ಎಲ್ಲಿ ನಡೀತೋ ಅದು ಮೊದಲು ಬರ್ಬೇಕು ಅಂತ ದೊಡ್ಡ ಪಬ್ಲಿಷರ್‌ಗಳ ನಿಯಮನೇ ಐತಿ. ಇದರಾಗ ಒಂದು ತೊಡಕೂ ಐತಿ, ಮೊದಲೇ ಹೇಳಿಬಿಡ್ತೀನಿ. ಪ್ರೋತ್ಸಾಹಧನ ಕೊಡೋ ಸಂಸ್ಥೆಗಳಲ್ಲಿ ಕೆಲವರು ಮೊದಲ ಸಂಸ್ಥೆ ನಾವೇ ಇದ್ರ ಮಾತ್ರ ರೊಕ್ಕ ಅಂತಾರ. ಹಂಗ ಇದ್ರ ರೊಕ್ಕ ಬಿಡ್ರಿ, ಸಾಲು ಬದಲಾಯಿಸಬ್ಯಾಡ್ರಿ. ನಿಮ್ಮದೇ ಕಾಲೇಜಿನ ಲ್ಯಾಬ್‌ನ್ಯಾಗ ಬಿಎಸ್‌ಸಿ ಹುಡುಗರ ಜೊತೆ ಮಾಡಿದ ಕೆಲಸ ಇದ್ರ ಅದಕ್ಕೆ ಕಾಲೇಜು ಒಂದೇ ಸಾಕು, ಅಲ್ಲಿ ಗೈಡ್‌ನ ಖುಷಿಪಡಿಸೋಕೆ ಯೂನಿವರ್ಸಿಟಿ ತಂದು ಸೇರಿಸಬ್ಯಾಡ್ರಿ.

ಇನ್ನೊಂದು ಗೊಂದಲ ನಿಮ್ಮ ಪತ್ರದಾಗ ಬಂದಿಲ್ಲ, ಆದ್ರ ಕೊಪ್ಪಳದವರಿಗೆಲ್ಲ ಇದ್ದದ್ದೇ. ನಿಮ್ಮ ಕಾಲೇಜು ಮೊದಲು ವಿಎಸ್‌ಕೆ ಯೂನಿವರ್ಸಿಟಿಗೆ ಸೇರಿತ್ತು, ಈಗ ಕೊಪ್ಪಳ ವಿಶ್ವವಿದ್ಯಾಲಯ ಆದ ಮ್ಯಾಲೆ ಅದಕ್ಕೆ ಸೇರೈತಿ. ಅದಕ್ಕೆ ಕೆಲವರು ಪೇಪರ್‌ನ್ಯಾಗ ಕೊಪ್ಪಳ ಯೂನಿವರ್ಸಿಟಿನೂ ಒಂದು ಸಂಸ್ಥೆ ಅಂತ ಬೇರೆ ಸಾಲು ಹಾಕ್ತಾರ. ನಿಮ್ಮ ಕಾಲೇಜು ಯಾವ ಯೂನಿವರ್ಸಿಟಿ ಪರೀಕ್ಷೆ ನಡೆಸ್ತೈತಿ ಅನ್ನೋದು ಕಾಲೇಜಿನ ವಿಷಯ, ಆ ಯೂನಿವರ್ಸಿಟಿಯೊಳಗ ನೀವು ನೌಕರಿನೂ ಮಾಡಿಲ್ಲ, ಲ್ಯಾಬೂ ಉಪಯೋಗಿಸಿಲ್ಲ, ಹಂಗಾಗಿ ಬೇರೆ ಸಾಲು ಬ್ಯಾಡ. ಎಂಜಿನಿಯರಿಂಗ್ ಕಡೆ ರೂಢಿ ಬೇರೆ ಐತಿ, ಅಲ್ಲಿ ಕಾಲೇಜ್ ಹೆಸರಿನ ಜೊತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ ಅಂತ ಸೇರಿಸಿ ಬರಿಯೋದು ಸಾಮಾನ್ಯ. ಯೂನಿವರ್ಸಿಟಿಯೇ ಬರಹದಾಗ ಹಂಗ ಮಾಡ್ರಿ ಅಂದಿದ್ರ ಮಾಡ್ರಿ, ಆದ್ರ ಒಂದೇ ಸಾಲಿನೊಳಗ, ಕಾಲೇಜಿನ ಹೆಸರು ಮೊದಲು.

ಐಕ್ಯೂಎಸಿ ವಿಷಯ. ಅವರ ಒತ್ತಡ ನನಗ ಅರ್ಥ ಆಗ್ತೈತಿ, ನ್ಯಾಕ್ ಬಂತು ಅಂದ್ರ ಎಲ್ಲರಿಗೂ ಮೈಮ್ಯಾಲೆ ಬಂದಂಗ ಆಗ್ತೈತಿ. ಆದ್ರ ಅವರು ಕೇಳ್ತಿರೋದು ಆಗೋ ಕೆಲಸನೇ ಅಲ್ಲ. ಪಬ್ಲಿಷ್ ಆದ ಮ್ಯಾಲೆ ವಿಳಾಸ ಬದಲಾಯಿಸಂಗಿಲ್ಲ ಅಂತ ಸ್ಪ್ರಿಂಗರ್‌ನಂಥವರು ತಮ್ಮ ಸೂಚನೆಯೊಳಗೇ ಬರ್ದಾರ. ಪೇಪರ್ ಬಂದಾಗ ಅದು ತಪ್ಪಿತ್ತು ಅಂದ್ರ ತಿದ್ದುಪಡಿ ಅಂತ ಪ್ರಕಟಿಸ್ತಾರ, ಸರಿ ಇತ್ತು, ಆದ್ರ ಈಗ ಲೇಖಕರು ಬೇರೆ ಕಡೆ ಹೋಗ್ಯಾರ ಅಂದ್ರ ಮುಟ್ಟಂಗಿಲ್ಲ. ನೀವು ರಾಯಚೂರಿನ್ಯಾಗ ಇದ್ದಾಗ ಬಂದ ಪೇಪರ್ ರಾಯಚೂರಿನ ಕಾಲೇಜಿಂದೇ. ಯುಎಎಸ್ ರಾಯಚೂರು ಆಮ್ಯಾಲೆ ಬೇರೆ ಆದದ್ದು, ಅದಕ್ಕೂ ಮುಂಚೆ ಅಲ್ಲಿನ ಕೃಷಿ ಕಾಲೇಜು ಧಾರವಾಡ ಕೃಷಿ ವಿವಿ ಕೆಳಗ ಇತ್ತು, ಆಗಿನ ಪೇಪರ್‌ಗಳು ಇವತ್ತಿಗೂ ಧಾರವಾಡದ ಹೆಸರಲ್ಲೇ ಅದಾವು, ಯಾರೂ ತಿದ್ದೋಕೆ ಹೋಗಿಲ್ಲ, ಹೋಗ್ಬಾರ್ದು ಕೂಡ. ಕೋಆರ್ಡಿನೇಟರ್‌ಗೆ ನ್ಯಾಕ್‌ನ ಫಾರ್ಮ್ಯಾಟನ್ನೇ ತೋರಿಸ್ರಿ ಮೇಡಂ, ಪುಸ್ತಕ, ಅಧ್ಯಾಯಗಳ ಟೆಂಪ್ಲೇಟ್‌ನ್ಯಾಗ ಪ್ರಕಟವಾದ ಸಮಯದಾಗ ಯಾವ ಸಂಸ್ಥೆಯೊಳಗ ಇದ್ರಿ ಅಂತ ಕೇಳೋ ಕಾಲಮ್ಮೇ ಐತಿ. ಪರಿಶೀಲನೆಗೆ ಬಂದವರು ಪೇಪರ್‌ನ ಮೊದಲ ಪುಟ ತೆಗೀತಾರ, ಅಲ್ಲಿ ಬೇರೆ ಕಾಲೇಜು ಕಂಡ್ರ ಆ ಸಾಲು ಹೊಡೆದು ಹಾಕ್ತಾರ, ಇನ್ನೊಂದೆರಡು ಹಂಗೇ ಸಿಕ್ರ ಉಳಿದ ಡೇಟಾದ ಮ್ಯಾಲೂ ಅನುಮಾನ ಬರ್ತೈತಿ. ಹಳೆ ಪೇಪರ್ ನಿಮ್ಮ ಪರಿಚಯದ ಪುಟದಾಗ ಹಾಕ್ರಿ, ಕಾಲೇಜಿನ ಲೆಕ್ಕದಾಗ ಬ್ಯಾಡ. ಹಿಂಗ ಬಾಯಿಂದ ಹೇಳಿದ್ರ ವಾದ ಆಗ್ತೈತಿ, ಮೆತ್ತಗ ಒಂದು ಮೇಲ್ ಬರ್ದು ಕಳಿಸ್ರಿ, ಮುಂದ ನಿಮ್ಮ ಮ್ಯಾಲೆ ಬರದಂಗ ಇರ್ತೈತಿ.

ಆ ಪ್ರೈವೇಟ್ ಸಂಸ್ಥೆಯವರಿಗೆ ಉತ್ತರನೇ ಕೊಡಬ್ಯಾಡ್ರಿ. ಹೆಸರಿಗೆ ರೊಕ್ಕ ಕೊಡೋ ಈ ದಂಧೆ ಜಗತ್ತಿನಾಗೆಲ್ಲ ಐತಿ. 2023ರಾಗ ಸುದ್ದಿ ಆದಂಗ, ಸ್ಪೇನ್‌ನ ಕಾರ್ಡೋಬಾ ವಿಶ್ವವಿದ್ಯಾಲಯ ತನ್ನ ಒಬ್ಬ ಹೆಸರಾಂತ ಕೆಮಿಸ್ಟ್ರಿ ವಿಜ್ಞಾನಿಯನ್ನ 13 ವರ್ಷ ಸಂಬಳ ಇಲ್ಲದಂಗ ಅಮಾನತು ಮಾಡ್ತು, ಇಲ್ಲಿ ಪೂರ್ಣಾವಧಿ ನೌಕರಿಯೊಳಗ ಇದ್ಕೊಂಡು ಪೇಪರ್‌ಗಳಲ್ಲಿ ಸೌದಿ ಅರೇಬಿಯಾದ ಮತ್ತ ರಷ್ಯಾದ ಯೂನಿವರ್ಸಿಟಿ ಹೆಸರು ಹಾಕ್ಕೊಂಡಿದ್ದಕ್ಕೆ. ಅಷ್ಟು ದೊಡ್ಡವರಿಗೇ ಹಿಂಗ ಆತು. ನೀವು ಸರ್ಕಾರಿ ನೌಕರರು, ಬೇರೆ ಸಂಸ್ಥೆ ಜೊತೆ ಸಂಬಂಧ, ಅದರಿಂದ ರೊಕ್ಕ, ಇಲಾಖೆ ಅನುಮತಿ ಇಲ್ಲ, ಇದನ್ನ ಯಾರಾದ್ರೂ ಅರ್ಜಿ ಹಾಕಿ ಕೇಳಿದ್ರ ಏನ್ ಹೇಳ್ತೀರಿ? ಅವರು ಕಟ್ಟೋ ಚಾರ್ಜ್ ಯಾವ ಜರ್ನಲ್‌ಗೆ ಅನ್ನೋದೂ ನೋಡ್ರಿ, ಹೆಚ್ಚಿನ ಸಲ ಅದೂ ಅಷ್ಟಕ್ಕಷ್ಟೇ. 2025ರ ಎನ್‌ಐಆರ್‌ಎಫ್‌ನಿಂದ ರಿಟ್ರ್ಯಾಕ್ಟ್ ಆದ, ಅಂದ್ರ ಜರ್ನಲ್‌ನವರು ವಾಪಸ್ ತಗೊಂಡ ಪೇಪರ್‌ಗೆ ಅಂಕ ಕಡಿತ ಶುರುವಾಗೈತಿ, ಅಂಥ ಪೇಪರ್ ನಾಳೆ ವಾಪಸ್ ಆದ್ರ ಅದರಾಗ ನಿಮ್ಮ ಕಾಲೇಜಿನ ಹೆಸರೂ ಇರ್ತೈತಿ.

ಇಷ್ಟು ಆದ ಮ್ಯಾಲೆ ನಿಮ್ಮ ಒಂಬತ್ತು ಪೇಪರ್ ರಿಪೇರಿ. ಒಂದೊಂದರ ಪಿಡಿಎಫ್ ತೆಗೆದು ಮೊದಲ ಪುಟ ನೋಡ್ರಿ. ಪಿಡಿಎಫ್‌ನ್ಯಾಗ ಸರಿ ಐತಿ, ಸ್ಕೋಪಸ್‌ನ್ಯಾಗ ಮಾತ್ರ ತಪ್ಪು ಅಂದ್ರ ಅದು ಡೇಟಾಬೇಸ್‌ನವರ ಕೆಲಸ, ಸ್ಕೋಪಸ್ ಸಪೋರ್ಟ್‌ಗೆ ಪಿಡಿಎಫ್ ಹಚ್ಚಿ ಬರೆದ್ರ ತಿದ್ತಾರ. ಪಿಡಿಎಫ್ ಒಳಗೇ ಅನಂತಪುರ ಅಂತ ಬಂದಿದ್ರ ಮಾತ್ರ ಜರ್ನಲ್‌ಗೆ ಹೋಗ್ಬೇಕು, ಅದು ಕರೆಸ್ಪಾಂಡಿಂಗ್ ಆಥರ್ ಕಡಿಂದ, ಎಲ್ಲಾ ಲೇಖಕರ ಒಪ್ಪಿಗೆ ಜೊತೆ, ತಿದ್ದುಪಡಿ ಅಂತ ಬೇರೆ ನೋಟ್ ಬರ್ತೈತಿ. ಅಷ್ಟು ಮಾಡ್ಬೇಕಾ ಅಂತ ಕೇಳಿದ್ರ, ಸಂಸ್ಥೆನೇ ತಪ್ಪಾಗಿದ್ರ ಹೌದು ಮಾಡ್ರಿ, ಬರೀ 'ವಿಜಯನಗರ' ಅನ್ನೋದರ ಇಂಗ್ಲಿಷ್ ಸ್ಪೆಲ್ಲಿಂಗ್‌ನ್ಯಾಗ ಕೊನೆಯ 'ಎ' ಬಿಟ್ಟಿದ್ರ, ಪಿನ್ ಕೋಡ್ ತಪ್ಪಿದ್ರ ಸುಮ್ನೆ ಬಿಡ್ರಿ, ಅದಕ್ಕಾಗಿ ಸಂಪಾದಕರ ತಲಿ ತಿನ್ನೋದು ಬ್ಯಾಡ.

ಎರಡು ಪ್ರೊಫೈಲ್ ಆಗಿರೋದಕ್ಕೆ ಕಾರಣ ಹೆಚ್ಚಾಗಿ ಹೆಸರು, ಒಂದ್ಕಡೆ ಇನಿಷಿಯಲ್ ಮುಂದ, ಇನ್ನೊಂದ್ಕಡೆ ಹಿಂದ, ಇಲ್ಲಾ ಮದುವಿ ಆದ ಮ್ಯಾಲೆ ಬದಲಾದ ಹೆಸರು, ಅದರ ಜೊತೆ ಸಂಸ್ಥೆನೂ ಬೇರೆ ಬೇರೆ ಇದ್ದದ್ದಕ್ಕೆ ಕಂಪ್ಯೂಟರ್ ಇಬ್ಬರು ಅಂದ್ಕೊಂಡೈತಿ. ಸ್ಕೋಪಸ್‌ನ ಲೇಖಕರ ಹುಡುಕಾಟದ ಪುಟ ಚಂದಾ ಇಲ್ಲದೇನೂ ತೆರೀತೈತಿ, ಅಲ್ಲಿಂದಲೇ ಎರಡನ್ನೂ ಕೂಡಿಸ್ರಿ ಅಂತ ಕೋರಿಕೆ ಕಳಿಸ್ಬಹುದು, ಒಂದು ರೂಪಾಯಿ ಖರ್ಚಿಲ್ಲ. ವಾಟ್ಸಾಪ್‌ನ್ಯಾಗ ಪ್ರೊಫೈಲ್ ಕರೆಕ್ಷನ್‌ಗೆ ಇಷ್ಟು ಅಂತ ರೇಟ್ ಹಾಕ್ಕೊಂಡು ಕುಂತೋರು ಅದಾರ, ಅವರಿಗೆ ನಿಮ್ಮ ಪಾಸ್‌ವರ್ಡ್ ಅಂತೂ ಕೊಡ್ಲೇಬ್ಯಾಡ್ರಿ. ಇನ್ನ ಯೂನಿವರ್ಸಿಟಿಯ ಪ್ರೊಫೈಲ್‌ನ್ಯಾಗ ಹೆಸರಿನ ನಮೂನೆಗಳು ಸೇರಿಲ್ಲ ಅಂದ್ರ ಅದು ನಿಮ್ಮ ಕೈಯಾಗ ಇಲ್ಲ, ಸಂಸ್ಥೆ ಕಡಿಂದ ಅಧಿಕಾರ ಕೊಟ್ಟವರೇ ಕೇಳ್ಬೇಕು, ಲೈಬ್ರರಿಯವರ ಕಿವಿಗೆ ಹಾಕ್ರಿ. ನಾವು ಕೂಡ ಯಾರಾದ್ರೂ ಹೇಳೋವರೆಗೂ ನೋಡಿರಂಗಿಲ್ಲ, ನಿಜ ಹೇಳ್ಬೇಕಂದ್ರ.

ಮುಂದಿನ ಪೇಪರ್‌ಗಳಿಗೆ ಒಂದು ಸಾಲು ನಿಕ್ಕಿ ಮಾಡ್ಕೊಂಡು ಫೋನ್‌ನ್ಯಾಗ ಇಟ್ಕೊಳ್ರಿ, ಪ್ರತಿ ಸಲ ಅದನ್ನೇ ಕಾಪಿ ಮಾಡಿ ಹಾಕ್ರಿ, ಕೈಲೆ ಟೈಪ್ ಮಾಡಬ್ಯಾಡ್ರಿ. ಡಿಪಾರ್ಟ್‌ಮೆಂಟ್, ಆಮ್ಯಾಲೆ ಸಂಸ್ಥೆಯ ಪೂರ್ತಿ ಹೆಸರು ಮೊಟಕು ಇಲ್ಲದಂಗ, ಊರು, ಪಿನ್, ಕರ್ನಾಟಕ, ಇಂಡಿಯಾ. ನಿಮ್ಮ ಕಾಲೇಜಿಗೆ ಊರಿನ ಹೆಸರು ಸಂಸ್ಥೆ ಹೆಸರಿನ ಬೆನ್ನಿಗೇ ಬರ್ಲಿ. ಇದೇ ಸಾಲು ಕೋ ಆಥರ್‌ಗಳಿಗೂ ಕೊಡ್ರಿ, ಯಾಕಂದ್ರ ಸಬ್ಮಿಟ್ ಮಾಡೋರು ಅವರು, ನಿಮ್ಮ ಕಾಲೇಜಿನ ಹೆಸರು ಅವರಿಗೆ ನೆನಪಿದ್ದಂಗ ಬರೀತಾರ. ಪ್ರಿನ್ಸಿಪಾಲರಿಗೆ ಹೇಳಿ ಇಡೀ ಕಾಲೇಜಿಗೆ ಒಂದು ಸುತ್ತೋಲೆ ಹೊರಡಿಸಿದ್ರ ಇನ್ನೂ ಚಲೋ, ಐಕ್ಯೂಎಸಿಯವರಿಗೆ ನಿಜವಾಗಿ ಉಪಯೋಗ ಆಗೋ ಕೆಲಸ ಅದೇ.

ಆರ್ಕಿಡ್, ಅಂದ್ರ ಸಂಶೋಧಕರಿಗೆ ಕೊಡೋ ಗುರುತಿನ ನಂಬರು, ಇಲ್ಲಾಂದ್ರ ಇವತ್ತೇ ಮಾಡ್ಕೊಳ್ರಿ, 2012ರಿಂದ ಐತಿ, ಪುಗಸಟ್ಟೆ, 16 ಅಂಕಿಯ ನಂಬರು. ಅದರಾಗ ರಾಯಚೂರು ಇಷ್ಟರಿಂದ ಇಷ್ಟರವರೆಗೆ, ಕೊಪ್ಪಳ ಇಷ್ಟರಿಂದ, ಪಿಎಚ್‌ಡಿ ಬಳ್ಳಾರಿ ಅಂತ ತಾರೀಖು ಸಮೇತ ತುಂಬ್ರಿ, ಆಗ ಊರು ಬದಲಾದ್ರೂ ಮನುಷ್ಯ ಒಬ್ಬರೇ ಅನ್ನೋದು ಗೊತ್ತಾಗ್ತೈತಿ. ಕಾಲೇಜ್ ಮೇಲ್ ಜೊತೆ ನಿಮ್ಮ ಸ್ವಂತ ಮೇಲನ್ನೂ ಸೇರಿಸ್ರಿ, ಟ್ರಾನ್ಸ್‌ಫರ್ ಆದ ಮ್ಯಾಲೆ ಕಾಲೇಜ್ ಮೇಲ್ ಬಂದ್ ಆತು ಅಂದ್ರ ಒಳಗ ಹೋಗೋಕೆ ದಾರಿ ಇರಂಗಿಲ್ಲ. ಮನುಷ್ಯರಿಗೆ ಆರ್ಕಿಡ್ ಇದ್ದಂಗ ಸಂಸ್ಥೆಗಳಿಗೆ ಆರ್‌ಒಆರ್ ಅಂತ ಒಂದು ನೋಂದಣಿ 2019ರಿಂದ ಐತಿ. ಸಂಸ್ಥೆ ಹೆಸರು ಬದಲಾದ್ರೂ ಅದರ ನಂಬರು ಅದೇ ಇರ್ತೈತಿ, ಹಳೆ ಹೆಸರು, ಮೊಟಕು ಹೆಸರು ಎಲ್ಲಾ ಅದರ ಕೆಳಗ ಸೇರಿಸಿ ಇಟ್ಟಿರ್ತಾರ. ಪೇಪರ್‌ಗಳಿಗೆ ಡಿಒಐ ಅನ್ನೋ ಖಾಯಂ ಗುರುತಿನ ನಂಬರ್ ಕೊಡೋ ಕ್ರಾಸ್‌ರೆಫ್ 2021ರಿಂದ ಈ ಆರ್‌ಒಆರ್ ನಂಬರ್ ತಗೊಳ್ತೈತಿ, ಭಾಳ ಜರ್ನಲ್‌ಗಳ ಪಟ್ಟಿ ಈಗ ಅಲ್ಲಿಂದಲೇ ಬರೋದು. ನಿಮ್ಮ ಯೂನಿವರ್ಸಿಟಿ, ಕಾಲೇಜು ಅದರಾಗ ಐತೋ ಇಲ್ಲೋ ಹುಡುಕಿ ನೋಡ್ರಿ, ಇಲ್ಲದಿದ್ರ ಸೇರಿಸ್ರಿ ಅಂತ ಯಾರು ಬೇಕಾದ್ರೂ ಅರ್ಜಿ ತುಂಬ್ಬಹುದು, ಅದಕ್ಕೂ ಫೀಸಿಲ್ಲ. ಡಿಪಾರ್ಟ್‌ಮೆಂಟ್‌ಗಳಿಗೆ ಬೇರೆ ನಂಬರ್ ಕೊಡಂಗಿಲ್ಲ, ಸಂಸ್ಥೆಗೆ ಮಾತ್ರ.

ನಿಮ್ಮ ಹಳೆ ದಿನದ ಬಗ್ಗೆ ಒಂದು ಮಾತು, ಗೆಸ್ಟ್ ಲೆಕ್ಚರರ್‌ಗಳು ಇದನ್ನ ಭಾಳ ಸಂಕೋಚದಿಂದ ಕೇಳ್ತಾರ. ವರ್ಷಾ ವರ್ಷಾ ಆರ್ಡರ್ ಬರೋ ಕೆಲಸ, ನಡುವೆ ಬಿಡುವು, ಆ ಬಿಡುವಿನ್ಯಾಗ ಪೇಪರ್ ಬಂದ್ರ ಏನ್ ಬರೀಬೇಕು ಅಂತ. ಕೆಲಸ ನಡೆದದ್ದು ಆ ಕಾಲೇಜಿನಾಗ ಅಂದ್ರ ಆ ಕಾಲೇಜಿನ ಹೆಸರು ಧೈರ್ಯದಿಂದ ಹಾಕ್ಬಹುದು, ಗೆಸ್ಟ್ ಆದ್ರೇನು, ಪಾಠ ಮಾಡಿದ್ದು ಸುಳ್ಳಾ? ಯಾವ ಸಂಸ್ಥೆನೂ ಇಲ್ಲದ ಹೊತ್ತಿನಾಗ ಸ್ವಂತವಾಗಿ ಮಾಡಿದ ಕೆಲಸಕ್ಕೆ ಸ್ವತಂತ್ರ ಸಂಶೋಧಕರು ಅಂತ ಹಾಕಿ ಊರು ಬರೆದ್ರ ಜರ್ನಲ್‌ನವರು ತಗೊಳ್ತಾರ, ಅದರಾಗ ಕಡಿಮೆ ಅನ್ನಿಸೋದು ಏನೂ ಇಲ್ಲ.

ಕೊನೆಗೆ ರಿವ್ಯೂನಲ್ಲಿರೋ ಪೇಪರ್. ಕೌನ್ಸೆಲಿಂಗ್‌ನ್ಯಾಗ ನಿಮಗ ಸಿಂಧನೂರೋ ಸಿರುಗುಪ್ಪನೋ ಸಿಕ್ತು ಅಂತ ಇಟ್ಕೊಳ್ರಿ. ಪೇಪರ್ ಒಪ್ಪಿದ್ದು ನೀವು ಅಲ್ಲಿಗೆ ಹೋದ ಮ್ಯಾಲೆ, ಹೊಸ ಪ್ರಿನ್ಸಿಪಾಲರು ನಮ್ಮ ಕಾಲೇಜ್ ಹೆಸರು ಹಾಕಮ್ಮಾ ಅಂತಾರ, ಅವರಿಗೂ ನ್ಯಾಕ್ ಐತಲ್ಲ. ಕೆಲಸ ನಡೆದಾಗಿನ ಸಂಸ್ಥೆಗಳು, ಅಂದ್ರ ಯೂನಿವರ್ಸಿಟಿ ಮತ್ತ ಈಗಿನ ಕಾಲೇಜು, ಹಂಗೇ ಇರ್ಬೇಕು, ಹೊಸ ಕಾಲೇಜನ್ನ 'ಈಗಿನ ವಿಳಾಸ' ಅಂತ ಅಡಿಟಿಪ್ಪಣಿಯೊಳಗ ಹಾಕ್ಬಹುದು, ಇದಕ್ಕೆ ಎಲ್ಲಾ ಒಳ್ಳೆ ಜರ್ನಲ್‌ನ್ಯಾಗೂ ಜಾಗ ಐತಿ. ರಿವಿಷನ್ ಕೇಳಿ, ನೀವು ಹೊಸ ಕಾಲೇಜಿನಾಗ ಕುಂತು ಹೊಸ ಪ್ರಯೋಗನೇ ಮಾಡಿ ಸೇರಿಸಿದ್ರಿ ಅಂದ್ರ ಆಗ ಅದನ್ನೂ ಸಂಸ್ಥೆಯಾಗಿ ಸೇರಿಸೋದು ತಪ್ಪಲ್ಲ, ಆದ್ರ ಸಂಪಾದಕರಿಗೆ ಕಾರಣ ಬರೆದು ತಿಳಿಸಿ ಸೇರಿಸ್ರಿ, ಸುಮ್ಮನೆ ಫೈಲ್‌ನ್ಯಾಗ ತೂರಿಸಬ್ಯಾಡ್ರಿ. ಒಪ್ಪಿಗೆ ಆದ ಮ್ಯಾಲೆ ಪ್ರೂಫ್ ಬರ್ತೈತಿ, ಸಾಮಾನ್ಯವಾಗಿ ಎರಡು ಮೂರು ದಿನದೊಳಗ ನೋಡಿ ಕಳಿಸ್ರಿ ಅಂತಾರ, ಎಲ್ಲರೂ ಟೇಬಲ್ಲು, ಗ್ರಾಫು ನೋಡ್ತಾರ, ಮೊದಲ ಪುಟದ ವಿಳಾಸ ಯಾರೂ ನೋಡಂಗಿಲ್ಲ. ಆ ಮೇಲ್ ಹೋಗೋದು ಕರೆಸ್ಪಾಂಡಿಂಗ್ ಆಥರ್‌ಗೆ ಮಾತ್ರ, ಅದಕ್ಕ ಗೈಡ್‌ಗೆ ಈಗಲೇ ಹೇಳಿ ಇಡ್ರಿ, ಸರ್ ಪ್ರೂಫ್ ಬಂದ ಕೂಡ್ಲೇ ನನಗೊಂದು ಫಾರ್ವರ್ಡ್ ಮಾಡ್ರಿ, ವಿಳಾಸ ನೋಡಿ ಅವತ್ತೇ ವಾಪಸ್ ಕಳಿಸ್ತೀನಿ ಅಂತ.